ರಥಬೀದಿಯ ಮಲ್ಲಿಗೆ



ಉಡುಪಿ ಎಂದರೆ ಮುಂಬಯಿಯವರಿಗೆ ನೆನಪಾಗುವುದು ಹೋಟೆಲು. ನನಗೆ ರಥಬೀದಿಯ ಹೂವಿನ ಸಾಲು. ಅಲ್ಲಿ ಶಂಕರಪುರ ಮಲ್ಲಿಗೆಗೆ ಬೇರೆಯದೇ ಲೆಕ್ಕ: 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದೇವರ ಪೂಜೆಗೂ, ದೈವದ ಕೋಲಕ್ಕೂ, ಕ್ರೈಸ್ತ ಮದುಮಗಳ ಮುಡಿಗೂ ಅದೇ ಹೂವು.

ಬೆಳಿಗ್ಗೆ ಮೊಗ್ಗು ಕೊಯ್ದು, ಬಿರಿಯುವ ಮೊದಲೇ ಬಾಳೆನಾರಿನಲ್ಲಿ ಕಟ್ಟುವವರು ಹೆಚ್ಚಾಗಿ ಹೆಂಗಸರು. ನನ್ನಮ್ಮನೂ ಕಟ್ಟಿದರು, ನನ್ನ ಕಾಲೇಜು ಫೀಸು ಹೊರಟದ್ದು ಅದರಿಂದಲೇ. ಆದರೂ ಯಾರಾದರೂ ಕೇಳಿದರೆ, “ಅಮ್ಮ ಮನೆಯಲ್ಲೇ ಇರುವುದು, ಕೆಲಸ ಏನಿಲ್ಲ” ಎನ್ನುತ್ತಿದ್ದೆ.

ಈಗ ಮಾಟುಂಗದಲ್ಲಿ ಹೂವಿಗೆ ಚೌಕಾಸಿ ಮಾಡಲು ಬಾಯಿ ತೆರೆದರೆ ಅಮ್ಮನ ಬೆರಳುಗಳು ಕಣ್ಣೆದುರು ಬರುತ್ತವೆ. ಕೇಳಿದಷ್ಟು ಕೊಟ್ಟು ಬರುತ್ತೇನೆ. ಅಮ್ಮನಿಗೆ ಈ ಮಾತು ಹೇಳಲು ಆಗಲಿಲ್ಲ; ನಿಮಗೆ ಹೇಳಿದ್ದೇನೆ.