ಟ್ರ್ಯಾಕ್ಟರಿನ ಬ್ಯಾಟರಿ ಬದಲಿಸುವಾಗ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಹುಳುವಿನ ಔಷಧಿ ಇವುಗಳ ಮಾತನ್ನು ತಾವು ನನ್ನಿಂದ ಸಾಕಷ್ಟು ಕೇಳಿದ್ದೀರಿ. ಇಂದು ಬೇರೆ ವಿಷಯವನ್ನು ಎತ್ತಿಕೊಂಡಿದ್ದೇನೆ. ನಾನು ಕೃಷಿ ಡಿಪ್ಲೊಮಾ ಓದಿದವನು, ಮಿಸ್ತ್ರಿಯಲ್ಲ. ಆದರೆ ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕಡೆ ಹಳ್ಳಿಗಳನ್ನು ತಿರುಗುವಾಗ, ಬ್ಯಾಟರಿಯನ್ನು ಬದಲಿಸುವ ರೀತಿ ತಪ್ಪಿದ್ದರಿಂದ ಬ್ಯಾಟರಿಗಿಂತ ಹಲವು ಪಟ್ಟು ಬೆಲೆಯ ಸಾಮಾನು ಹಾಳಾಗುವುದುಂಟೆಂದು ತಿಳಿದು ಬಂದಿದೆ. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಗದ್ದೆ ಹದ ಮಾಡುವ ವಾರದಲ್ಲಿಯೋ, ತೊಗರಿ ರಾಶಿಯ ಕಾಲದಲ್ಲಿಯೋ ಟ್ರ್ಯಾಕ್ಟರು ನಿಂತರೆ ಆಗುವ ನಷ್ಟವನ್ನು ತಮಗೆ ನಾನು ಹೇಳಬೇಕಾಗಿಲ್ಲ.

ಹಿರಿಯರೊಬ್ಬರು ನನ್ನನ್ನು ಕೇಳಿದರು: "ತಮ್ಮಾ, ಹಿಂದಕ ನಾವು ಗಾಡಿ ಚಾಲೂ ಇದ್ದಾಗ್ಲೇ ಬ್ಯಾಟರಿ ಬಿಚ್ಚಿ ಇನ್ನೊಂದು ಗಾಡಿಗೆ ಹಾಕತಿದ್ದೆವು. ಆಗ ಏನೂ ಆಗಲಿಲ್ಲ, ಈಗೇನು ಹೊಸದು?" ಪ್ರಶ್ನೆ ಸರಿಯಾದದ್ದೇ. ಹಳೆಯ ಟ್ರ್ಯಾಕ್ಟರಿನಲ್ಲಿ ವಿದ್ಯುತ್ತಿನ ಕೆಲಸವೆಂದರೆ ಸೆಲ್ಫ್ ಹೊಡೆಯುವುದು, ದೀಪ ಉರಿಸುವುದು, ಹಾರನ್ ಊದುವುದು, ಇಷ್ಟೇ. ಈಗ ಹಾಗಿಲ್ಲ. 2020ರ ಏಪ್ರಿಲಿನಿಂದ ಪಿಕಪ್, ಕಾರು, ಲಾರಿಗಳಿಗೆ ಬಿ.ಎಸ್.-6 ನಿಯಮ ಬಂದಿತು. 2023ರ ಜನವರಿಯಿಂದ 50 ಅಶ್ವಶಕ್ತಿಗಿಂತ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೂ ಹೊಗೆಯ ಬಿಗಿ ನಿಯಮ ಬಂದಿತು. ಇಂಥ ಇಂಜಿನಿಗೆ ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ ಎಂಬುದನ್ನು ಒಂದು ಚಿಕ್ಕ ಗಣಕ ಪೆಟ್ಟಿಗೆಯೇ ನಿರ್ಧರಿಸುತ್ತದೆ. ಮಿಸ್ತ್ರಿಗಳು ಅದನ್ನು ಇ.ಸಿ.ಎಂ. ಅಥವಾ ಇ.ಸಿ.ಯು. ಎನ್ನುತ್ತಾರೆ. ಈ ಪೆಟ್ಟಿಗೆ 12 ವೋಲ್ಟಿನ ಆಸುಪಾಸಿನ ವಿದ್ಯುತ್ತಿಗೆ ಒಗ್ಗಿದ್ದು.

ಇಂಜಿನು ನಡೆಯುವಾಗ ಆಲ್ಟರ್ನೇಟರ್ ವಿದ್ಯುತ್ತನ್ನು ಹುಟ್ಟಿಸುತ್ತಿರುತ್ತದೆ, ಬ್ಯಾಟರಿಯು ಕೆರೆಯಂತೆ ಅದನ್ನು ತುಂಬಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬ್ಯಾಟರಿಯ ತಂತಿ ಕಿತ್ತರೆ, ಹರಿದು ಬರುವ ಕಾಲುವೆಯ ತೂಬನ್ನು ಫಕ್ಕನೆ ಮುಚ್ಚಿದಂತೆ. ನೀರು ಒಡ್ಡನ್ನು ಒಡೆಯುತ್ತದೆ. ಇಲ್ಲಿ ವೋಲ್ಟೇಜು ಒಂದು ಕ್ಷಣ ಹಲವು ಪಟ್ಟು ಏರಿ ಆಲ್ಟರ್ನೇಟರಿನ ಡಯೋಡು, ಗಣಕ ಪೆಟ್ಟಿಗೆ, ಮೀಟರಿನ ಫಲಕ ಇವುಗಳನ್ನು ಸುಡಬಹುದು. ಆದ್ದರಿಂದ ಇಂಜಿನು ಚಾಲೂ ಇರುವಾಗ ಬ್ಯಾಟರಿಯನ್ನು ಎಂದಿಗೂ ಬಿಚ್ಚಕೂಡದು. ನಾನು ಹೇಳುವ ಉಳಿದೆಲ್ಲ ಮಾತು ಮರೆತರೂ ಇದೊಂದನ್ನು ಮರೆಯಬೇಡಿ.

ಹೊಸ ಬ್ಯಾಟರಿಗೆ ಹಣ ಹೊಂದಿಸುವ ಮೊದಲು ಹಳೆಯದರದೇ ತಪ್ಪೋ ಎಂದು ನೋಡಿರಿ. ವೋಲ್ಟ್ ಮೀಟರು ಈಗ ಅಗ್ಗದಲ್ಲಿ ಸಿಗುತ್ತದೆ. ಊರಿಗೊಂದು ಇದ್ದರೂ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟಿನ ಹತ್ತಿರ ತೋರಿಸಿದರೆ ತುಂಬಿದೆ ಎಂದರ್ಥ. 12ಕ್ಕಿಂತ ಕೆಳಗಿದ್ದರೆ ಖಾಲಿಯಾಗಿದೆ. ಇಂಜಿನು ಚಾಲೂ ಮಾಡಿದಾಗ 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಬೆಲ್ಟು ಸಡಿಲವಿರಬಹುದು, ಇಲ್ಲವೆ ಆಲ್ಟರ್ನೇಟರ್ ಕೆಟ್ಟಿರಬಹುದು. ಹೊಸ ಬ್ಯಾಟರಿ ಹಾಕಿದರೂ ಅದೇ ಗತಿ. 15 ದಾಟಿದರೆ ಅದೂ ಕೆಡುಕೇ, ಬ್ಯಾಟರಿ ಕುದಿಯುತ್ತದೆ. ಎಷ್ಟೋ ಸಲ ತುದಿಗಳಿಗೆ ಕಟ್ಟಿದ ಬಿಳಿ-ಹಸಿರು ಉಪ್ಪೊಂದೇ ಕಾರಣವಾಗಿರುತ್ತದೆ. ತಂತಿ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ತಿಕ್ಕಿ ತೊಳೆದರೆ ಗಾಡಿ ಮತ್ತೆ ಏಳುತ್ತದೆ. ಸೋಡಾ ನೀರು ಮುಚ್ಚಳದೊಳಕ್ಕೆ ಇಳಿಯದಂತೆ ಮಾತ್ರ ನೋಡಿಕೊಳ್ಳತಕ್ಕದ್ದು.

ಇನ್ನು ಬದಲಿಸುವ ಕ್ರಮ. ಕೀಲಿ ತೆಗೆದ ಮೇಲೆ ಕೂಡಲೇ ಪಾನಾ ಹಿಡಿಯಬೇಡಿ. ಗಣಕ ಪೆಟ್ಟಿಗೆ ಸ್ವಲ್ಪ ಹೊತ್ತು ಎಚ್ಚರವಿದ್ದು ತನ್ನ ಲೆಕ್ಕ ಬರೆದುಕೊಳ್ಳುತ್ತದೆ. ಯೂರಿಯಾ ದ್ರಾವಣ ಹಾಕುವ ಹೊಸ ವಾಹನಗಳಲ್ಲಿ ಪಂಪು ಆ ದ್ರಾವಣವನ್ನು ಹಿಂದಕ್ಕೆಳೆದುಕೊಳ್ಳುತ್ತಿರುತ್ತದೆ. ಐದು-ಹತ್ತು ನಿಮಿಷ ಬಿಟ್ಟರೆ ಯಾವ ಚಿಂತೆಯೂ ಇಲ್ಲ. ದೀಪ, ರೇಡಿಯೋ ಎಲ್ಲ ಬಂದ್ ಇರಲಿ. ಕೈಯ ಉಂಗುರ, ಕಡಗ, ಗಡಿಯಾರ ತೆಗೆದಿಡಿ.

ಮೊದಲು ಮೈನಸ್ ತಂತಿ ಬಿಚ್ಚಬೇಕು, ಆಮೇಲೆ ಪ್ಲಸ್. ಕಾರಣವುಂಟು. ಗಾಡಿಯ ಕಬ್ಬಿಣದ ಮೈಯೆಲ್ಲ ಮೈನಸ್ಸಿಗೆ ಕೂಡಿದೆ. ಪ್ಲಸ್ ಮೊದಲು ಬಿಚ್ಚುವಾಗ ಪಾನಾ ಮೈಗೆ ತಗುಲಿದರೆ ಕಿಡಿ ಹಾರಿ ಪಾನಾ ಕೆಂಪಗಾಗುತ್ತದೆ. ಬ್ಯಾಟರಿಯಿಂದ ಹೊರಡುವ ಜಲಜನಕ ಅನಿಲ ಆ ಕಿಡಿಗೆ ಹೊತ್ತಿ ಸಿಡಿಯಬಹುದು. ಬೀಡಿಯನ್ನಂತೂ ದೂರವೇ ಎಸೆದು ಬನ್ನಿ. ಮೈನಸ್ ಬಿಚ್ಚಿದ ಮೇಲೆ ಪ್ಲಸ್ ಬಿಚ್ಚುವ ಪಾನಾ ಗಾಡಿಯ ಮೈಗೆ ತಗುಲಿದರೂ ಭಯವಿಲ್ಲ. ಜೋಡಿಸುವಾಗ ಇದರ ವಿರುದ್ಧ ಕ್ರಮ: ಮೊದಲು ಪ್ಲಸ್, ಕೊನೆಗೆ ಮೈನಸ್. (ಬಹಳ ಹಳೆಯ ಕೆಲವು ವಿಲಾಯತಿ ಟ್ರ್ಯಾಕ್ಟರುಗಳಲ್ಲಿ ಪ್ಲಸ್ಸೇ ಮೈಗೆ ಕೂಡಿರುತ್ತದೆ. ಅಂಥ ಗಾಡಿ ಯಾರಲ್ಲಾದರೂ ಇದ್ದರೆ ಮೈಗೆ ಕೂಡಿದ ತಂತಿಯನ್ನೇ ಮೊದಲು ಬಿಚ್ಚತಕ್ಕದ್ದು.)

ತಂತಿ ಅದಲುಬದಲಾದರೆ ಒಂದೇ ಕ್ಷಣದಲ್ಲಿ ಡಯೋಡು ಸುಡುತ್ತದೆ. ಗುರುತು ಅಳಿಸಿಹೋಗಿದ್ದರೆ ತುದಿಗಳನ್ನು ನೋಡಿ. ಸಾಮಾನ್ಯವಾಗಿ ಪ್ಲಸ್ ತುದಿ ಮೈನಸ್ಸಿಗಿಂತ ತುಸು ದಪ್ಪ. ಆದ್ದರಿಂದಲೇ ತಂತಿಯ ಹಿಡಿ ಸಲೀಸಾಗಿ ಕೂಡದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ತಪ್ಪು ತುದಿಯೋ ಎಂದು ಮತ್ತೊಮ್ಮೆ ನೋಡಿ. ಅಂಗಡಿಯಲ್ಲಿಯೂ ಹಳೆಯದನ್ನು ಪಕ್ಕಕ್ಕಿಟ್ಟು ಉದ್ದ, ಎತ್ತರ, ಪ್ಲಸ್ ಎಡಕ್ಕೋ ಬಲಕ್ಕೋ, ಆಂಪಿಯರ್-ಅವರ್ ಎಷ್ಟು ಎಂಬುದನ್ನು ತಾಳೆ ನೋಡಿಯೇ ತನ್ನಿ. ನಿಂತಲ್ಲಿ ತಾನೇ ಇಂಜಿನು ಬಂದ್ ಆಗುವ ಹೊಸ ಕಾರುಗಳಿಗೆ ಅದರದೇ ಜಾತಿಯ ಬ್ಯಾಟರಿ ಬೇಕು, ಸಾದಾ ಬ್ಯಾಟರಿ ಬೇಗ ಸಾಯುತ್ತದೆ.

ಜೋಡಿಸಿದ ಮೇಲೆ ಬ್ಯಾಟರಿಯ ಪಟ್ಟಿಯನ್ನು ಬಿಗಿಯಿರಿ. ನಮ್ಮ ಹೊಲದ ದಾರಿಯ ಕುಲುಕಾಟಕ್ಕೆ ಒಳಗಿನ ಸೀಸದ ಹಲಗೆ ಕಳಚುತ್ತದೆ. ಈ ಪಟ್ಟಿಯನ್ನು ಕಳೆದುಕೊಂಡು ಹಗ್ಗದಿಂದ ಕಟ್ಟಿರುವ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಗ್ಗ ಕೆಲಸಕ್ಕೆ ಬಾರದು. ತುದಿಗಳಿಗೆ ವ್ಯಾಸಲಿನ್ ಸವರಿ. ಗಡಿಯಾರ ತಪ್ಪಿದ್ದರೆ, ಮೊದಲ ದಿನ ಇಂಜಿನು ತುಸು ಏರಿಳಿದರೆ ಗಾಬರಿಯಾಗಬೇಡಿ. ಫಲಕದಲ್ಲಿ ಎಚ್ಚರಿಕೆಯ ದೀಪ ಉರಿಯುತ್ತಲೇ ಉಳಿದರೆ ಮಾತ್ರ ಕಂಪನಿಯ ಮಿಸ್ತ್ರಿಗೆ ತೋರಿಸಿ.

ಇನ್ನೊಂದು ಮಾತು ಇದಕ್ಕೆ ಸೇರಿದ್ದೇ. ಟ್ರ್ಯಾಕ್ಟರಿಗೆ ಕಟ್ಟಿದ ಕುಂಟೆಯನ್ನೋ ಟ್ರೇಲರನ್ನೋ ಹಾಗೆಯೇ ವೆಲ್ಡಿಂಗ್ ಮಾಡಿಸುವುದುಂಟು. ವೆಲ್ಡಿಂಗಿನ ವಿದ್ಯುತ್ತು ಗಾಡಿಯ ಮೈಯೊಳಗೆ ಹಾದು ಗಣಕ ಪೆಟ್ಟಿಗೆಗೆ ಹೊಕ್ಕೀತು. ಸಾಮಾನನ್ನು ಬಿಡಿಸಿ ದೂರ ಇಟ್ಟು ಮಾಡಿಸಿ. ಗಾಡಿಯ ಮೈಗೇ ಮಾಡಿಸಬೇಕಾದರೆ ಬ್ಯಾಟರಿಯ ಎರಡೂ ತಂತಿ ಬಿಚ್ಚಿಸಿ, ಪೆಟ್ಟಿಗೆಯ ಜೋಡಣೆಯನ್ನೂ ತೆಗೆಸಿ.

ನಮ್ಮ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬ್ಯಾಟರಿಯನ್ನು ಕೊಲ್ಲುವುದು ಈ ಕಾವೇ. ಟ್ರ್ಯಾಕ್ಟರನ್ನು ಬೇವಿನ ನೆರಳಿಗಾದರೂ ನಿಲ್ಲಿಸಿ, ಕೆಲಸವಿಲ್ಲದ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ನೀರು ಹಾಕುವ ಮುಚ್ಚಳವಿರುವ ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನೇ ಹಾಕತಕ್ಕದ್ದು. ಬೋರಿನ ನೀರಿನ ಉಪ್ಪು ಹಲಗೆಗಳನ್ನು ಕೆಡಿಸುತ್ತದೆ. ಆಮ್ಲ ಕೈಗೋ ಕಣ್ಣಿಗೋ ಸಿಡಿದರೆ 15 ನಿಮಿಷ ಬಿಡದೆ ನೀರಿನಿಂದ ತೊಳೆದು, ಕಣ್ಣಿಗಾದರೆ ಆಸ್ಪತ್ರೆಗೆ ಹೋಗಿ.

ಹಳೆಯ ಬ್ಯಾಟರಿಯನ್ನು ಹಳ್ಳದಲ್ಲಿ ಸುರಿಯುವುದು, ಮನೆಯ ಹಿಂದೆ ಒಡೆದು ಸೀಸ ಕರಗಿಸುವುದು ಬೇಡ. ಆ ಹೊಗೆ, ಆ ಧೂಳು ಮಕ್ಕಳ ಮೆದುಳಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ತಿರುಗಿ ಪಡೆಯುವ ಹೊಣೆ ತಯಾರಕರ ಮೇಲಿದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಪ್ಪಿಸಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಡಿತ ಮಾಡಿಸಿಕೊಳ್ಳಿ. ಗ್ಯಾರಂಟಿ ಕಾರ್ಡಿನ ಮೇಲೆ ಮಾರಾಟದ ತಾರೀಖು, ಅಂಗಡಿಯ ಮೊಹರು ಬಿದ್ದಿದೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿ.