ಸಾವಿನ ಹಾಡು, ಸಾಲದ ಲೆಕ್ಕ

(ಗೌರಿಬಿದನೂರು ತಾಲ್ಲೂಕು ಅಲೀಪುರದಲ್ಲಿ ರೈತರ ಮುಂದೆ ಆಡಿದ ಮಾತು)



ಬೆಲೆ, ಸಾಲದ ಮಾತಾಡುವ ಜಾಗದಲ್ಲಿ ಇವನೇನು ಹಾಡಿನ ವಿಚಾರ ಎತ್ತಿಕೊಂಡ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಹಾಡಿಗೂ ಸಾಲಕ್ಕೂ ಸಂಬಂಧ ಇದೆ.

ಅಲೀಪುರದಲ್ಲಿ ನಿಂತು ಮಾತಾಡುವವನು ಮೊಹರಂನಿಂದಲೇ ಶುರು ಮಾಡಬೇಕು. ಈ ಊರಿನಲ್ಲಿ ಹೆಚ್ಚಿನವರು ಷಿಯಾ ಮುಸ್ಲಿಮರು. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾ ಬಯಲಿನಲ್ಲಿ ಪ್ರವಾದಿಗಳ ಮೊಮ್ಮಗ ಹುಸೇನರನ್ನೂ ಅವರ ಜೊತೆಗಾರರನ್ನೂ ಕೊಂದರು. ಕೊಲ್ಲುವ ಮೊದಲು ಏನು ಮಾಡಿದರು ಗೊತ್ತೇ? ನೀರು ತಡೆದರು. ಯೂಫ್ರೆಟಿಸ್ ನದಿ ಹತ್ತಿರದಲ್ಲೇ ಹರಿಯುತ್ತಿದ್ದರೂ ಮಕ್ಕಳ ಬಾಯಿಗೆ ಒಂದು ಗುಟುಕು ಸಿಗಲಿಲ್ಲ. ಆಗಿ ಸಾವಿರದ ಮುನ್ನೂರು ವರ್ಷ ದಾಟಿದೆ. ಇವತ್ತಿಗೂ ಮೊಹರಂ ಬಂತೆಂದರೆ ಮರ್ಸಿಯಾ, ನೋಹಾ ಹಾಡಿಕೊಂಡು, ಎದೆ ಬಡಿದುಕೊಂಡು ಜನ ಬೀದಿಗೆ ಬರುತ್ತಾರೆ. ನೀರಿಲ್ಲದೆ ಸತ್ತವರ ನೆನಪಿಗೆ ದಾರಿಹೋಕರಿಗೆ ನೀರು, ಶರಬತ್ತು ಕೊಡುವ ಪದ್ಧತಿಯೂ ಇದೆ.

ಇದು ಒಂದು ಮತದವರ ವಿಚಾರ ಅಂತ ಪಕ್ಕಕ್ಕಿಡಬೇಡಿ. ಉತ್ತರ ಕರ್ನಾಟಕದ ಕಡೆ ಹೋಗಿ ನೋಡಿ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಹಿಂದೂ ರೈತರೇ ಅಲಾಯಿ ದೇವರನ್ನು ಕೂರಿಸುತ್ತಾರೆ, ಹೆಜ್ಜೆ ಹಾಕುತ್ತಾರೆ, ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರೆ. ಎಲ್ಲಿಯ ಕರ್ಬಲಾ, ಎಲ್ಲಿಯ ಬಿಜಾಪುರ ಸೀಮೆ! ನೀರಿಗಾಗಿ ಬಾಯಿ ಬಿಡುವ ಕಷ್ಟ ಏನು ಅಂತ ಬಲ್ಲವನಿಗೆ ಆ ಕಥೆ ಪರದೇಶದ್ದು ಅನ್ನಿಸಲಿಲ್ಲ, ಅಷ್ಟೇ.

ಈಗ ನಮ್ಮವರದೇ ಒಂದು ಹಾಡಿನ ವಿಚಾರ. 1857ರಲ್ಲಿ ಕಂಪನಿ ಸರ್ಕಾರ ಎಲ್ಲರೂ ಹತಾರ ಒಪ್ಪಿಸಬೇಕು ಅಂತ ಕಾನೂನು ತಂದಿತು. ಮುಧೋಳದ ಹತ್ತಿರ ಹಲಗಲಿ ಎಂಬ ಊರಿನ ಬೇಡರು ಆಗೋದಿಲ್ಲ ಅಂದರು. ಆ ವರ್ಷ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಸಿಕ್ಕಿದವರನ್ನು ಕೊಂದರು, ಸೆರೆಹಿಡಿದವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು. ಆ ಊರಿನ ಮೇಲೆ ಜನ ಲಾವಣಿ ಕಟ್ಟಿ ಹಾಡಿದರು. ಮುಂದೆ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದ. ಇವತ್ತು ಶಾಲೆಯ ಮಕ್ಕಳೂ ಅದನ್ನು ಓದುತ್ತಾರೆ.

ಆ ಲಾವಣಿಯಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಶೌರ್ಯದ ಮಾತಲ್ಲ. ದಂಡಿನವರು ಮನೆಗಳಿಂದ ಏನೇನು ಹೊತ್ತುಕೊಂಡು ಹೋದರು ಅಂತ ಅದರಲ್ಲಿ ಒಂದು ಪಟ್ಟಿ ಇದೆ. ಉಪ್ಪು, ಎಣ್ಣೆ, ಅರಿಶಿನ, ಬೆಲ್ಲ, ಕೊನೆಗೆ ತಾಳಿ, ಬೀಸುವ ಕಲ್ಲು ಕೂಡ ಬಿಟ್ಟಿಲ್ಲ. ಸ್ವಾಮಿ, ಇದು ಜಪ್ತಿ ಪಟ್ಟಿ ಅಲ್ಲವೇ? ಸಾಲ ವಸೂಲಿಗೆ ಬಂದವರು ಮನೆಬಾಗಿಲು, ಪಾತ್ರೆಪಗಡೆ ಎತ್ತಿಕೊಂಡು ಹೋದದ್ದನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಲೂಟಿ ಮಾಡಿದವರು ತಾವು ಕದ್ದ ಉಪ್ಪಿನ ಲೆಕ್ಕ ಬರೆದಿಡುತ್ತಾರೆಯೇ? ಆ ಲೆಕ್ಕ ಇಟ್ಟಿದ್ದು ಹಾಡು. ಓದುಬರಹ ಇಲ್ಲದವರ ಖಾತೆ ಪುಸ್ತಕ ಅದು.

ನಮ್ಮ ಸೀಮೆಗೆ ಬನ್ನಿ. ಇದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿಕೊಂಡ ಸಾವಿನ ಲೆಕ್ಕ ಕಡಿಮೆ, 30ಕ್ಕೂ ಹೆಚ್ಚು ಅಂತ ಜನ ಹೇಳುವ ಲೆಕ್ಕ ಬೇರೆ. ಅಲ್ಲಿ ಈಗ ಸ್ಮಾರಕ ಇದೆ, ವೀರಸೌಧ ಇದೆ. ಒಳ್ಳೆಯದೇ. ಆದರೆ ಕಲ್ಲನ್ನು ನೋಡಲು ನಾವು ಅಲ್ಲಿಗೆ ಹೋಗಬೇಕು, ಹಾಡಾದರೆ ಮನೆಗೇ ಬರುತ್ತದೆ. ನಿಮ್ಮ ಮಕ್ಕಳಿಗೆ ಆ ದಿನದ ಮೇಲೆ ಒಂದು ಪದವಾದರೂ ಬರುತ್ತದೆಯೇ, ಕೇಳಿ ನೋಡಿ.

ಇನ್ನೊಂದನ್ನು ಹೇಳದೆ ಬಿಟ್ಟರೆ ನ್ಯಾಯವಲ್ಲ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಈ ಜಿಲ್ಲೆಯಲ್ಲಿ ಯಾರೇ ಸತ್ತರೂ ತಮಟೆ ಬಾರಿಸಿದವರು ದಲಿತರು. ಅವರ ಸಾವಿಗೆ ನಾವು ಭೂಮಿ ಇರುವ ರೈತರು ಎಷ್ಟು ಜನ ಅತ್ತೆವು? ಅವರ ದುಃಖವನ್ನು ಅವರೇ ಹಾಡಿಕೊಳ್ಳಲಿ ಅಂತ ಬಿಟ್ಟರೆ ನಮ್ಮ ದುಃಖ ಕೇಳುವವರೂ ಇರುವುದಿಲ್ಲ.

ಈಗ ಮುಖ್ಯ ಮಾತು. 2015ನೇ ಒಂದೇ ವರ್ಷ ನಮ್ಮ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ರೈತರು ಪ್ರಾಣ ಕಳೆದುಕೊಂಡರು. ಸರ್ಕಾರ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿತು. ಪರಿಹಾರ ಕೊಡಬೇಕಾದರೆ ಇದು ಸಾಲದ ಸಾವೇ ಅಂತ ಸಮಿತಿ ತೀರ್ಮಾನ ಮಾಡಬೇಕು. ಆ ಹೊತ್ತಿಗೆ ಊರಲ್ಲಿ ಏನಾಗಿರುತ್ತದೆ? ಕುಡಿತ ಅಂತಾರೆ, ಗಂಡ ಹೆಂಡಿರ ಜಗಳ ಅಂತಾರೆ. ಮನೆಯವರು ಮರ್ಯಾದೆಗೆ ಅಂಜಿ ಬಾಗಿಲು ಹಾಕಿಕೊಳ್ಳುತ್ತಾರೆ. ಸಾವಿರ ಮನೆಯ ಸಾವು ಸಾವಿರ ಗುಟ್ಟುಗಳಾಗಿ ಹೋಯಿತು. ಊರಿಗೆ ಊರೇ ಅಳಬೇಕಾದ್ದನ್ನು ಒಬ್ಬ ಹೆಂಗಸು ಒಲೆ ಮುಂದೆ ಕೂತು ಅಳುತ್ತಾಳೆ.

ಅಲೀಪುರದವರಿಂದ ನಾವು ಕಲಿಯಬೇಕಾದದ್ದು ಇದು: ಅನ್ಯಾಯದ ಸಾವನ್ನು ಮನೆಯೊಳಗೆ ಮುಚ್ಚಿಡಬಾರದು, ಹೆಸರು ಹಿಡಿದು ಊರ ನಡುವೆ ಅಳಬೇಕು.

ಆದರೆ ಒಂದು ಎಚ್ಚರಿಕೆ. ನೇಣು, ವಿಷ ಇವನ್ನು ದೊಡ್ಡದು ಮಾಡಿ ಹಾಡಬೇಡಿ. ಸತ್ತು ಗೆದ್ದ ಅಂತ ಹಾಡಿದರೆ ಇನ್ನೊಬ್ಬ ಹುಡುಗ ಅದೇ ದಾರಿ ಹಿಡಿದಾನು. ಅವನು ಹೇಗೆ ಸತ್ತ ಅನ್ನೋದು ಹಾಡಿಗೆ ಬೇಡ. ಬೋರ್‌ವೆಲ್ ಎಷ್ಟು ಸಾವಿರ ಅಡಿ ಹೋಯಿತು, ನೀರು ಬಂತೋ ಧೂಳು ಬಂತೋ, ಟೊಮ್ಯಾಟೊ ಬಾಕ್ಸಿಗೆ ಎಷ್ಟು ಸಿಕ್ಕಿತು, ರೇಷ್ಮೆಗೂಡು ಯಾವ ಬೆಲೆಗೆ ಹೋಯಿತು, ಬಡ್ಡಿ ಎಷ್ಟು, ಮನೆ ಮುಂದೆ ನಿಂತು ಏನು ಬೈದರು, ಇದೆಲ್ಲ ಬರಲಿ. ಹಲಗಲಿಯವರು ಉಪ್ಪು, ಬೆಲ್ಲದ ಲೆಕ್ಕ ಕೊಟ್ಟ ಹಾಗೆ ನಾವೂ ಲೆಕ್ಕ ಕೊಡೋಣ. ಮನೆಯವರ ಒಪ್ಪಿಗೆ ಇಲ್ಲದೆ ಮಾತ್ರ ಹೆಸರು ಎತ್ತಬೇಡಿ.

ನಿಮ್ಮೂರಲ್ಲಿ ಸೋಬಾನೆ ಹೇಳುವ ಅಜ್ಜಿ ಇರುತ್ತಾಳೆ, ಭಜನೆಯಲ್ಲಿ ಕೈವಾರದ ತಾತಯ್ಯನವರ ಪದ ಹಾಡುವವರು ಇರುತ್ತಾರೆ, ತಮಟೆಯವರು ಇದ್ದಾರೆ. ಅವರನ್ನು ಒಂದು ಕಡೆ ಕೂರಿಸಿ. ಕನ್ನಡವೋ ತೆಲುಗೋ, ಬಾಯಿಗೆ ಬಂದ ಭಾಷೆಯಲ್ಲಿ ಕಟ್ಟಲಿ. ಅದಕ್ಕೂ ಮೊದಲು, ಸಾಲದಲ್ಲಿ ಮುಳುಗಿ ಮಾತು ಬಿಟ್ಟವನು ನಿಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ ಇವತ್ತೇ ಹೋಗಿ ಅವನ ಜಗಲಿ ಮೇಲೆ ಕೂತು ಮಾತಾಡಿಸಿ. ಅವನ ಮೇಲೆ ಹಾಡು ಕಟ್ಟುವ ಸಂದರ್ಭವೇ ಬರಬಾರದು.