ನೋಟ್ಸ್ ಆಮೇಲೆ, ಮೊದಲು ಸಿಲಬಸ್ ತೆಗೀರಿ

ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಕೇಳಿದ್ರೆ ಕೆಲವರಿಗೆ ನಗು ಬರಬಹುದು. ವಿಷಯ ಸಿಲಬಸ್. ಹೌದು, ಕಾಲೇಜಿನ ಪಠ್ಯಕ್ರಮ. ಡಿಗ್ರಿ ಮುಗಿಸಿದ ನನ್ನ ಗೆಳೆಯರಲ್ಲಿ ಅದನ್ನ ಒಂದು ಸಲವಾದ್ರೂ ಪೂರ್ತಿ ಓದಿದವರು ಬೆರಳೆಣಿಕೆಯಷ್ಟು. ನಾನೂ ಓದಿರಲಿಲ್ಲ. ಅದರಿಂದಲೇ ಪೆಟ್ಟು ತಿಂದೆ.

2021ರಲ್ಲಿ ಬಿ.ಕಾಂ.ಗೆ ಸೇರಿದೆ. ನಮ್ಮ ಓಣಿಯಲ್ಲಿ ಎರಡು ವರ್ಷ ಮುಂಚೆ ಅದೇ ಡಿಗ್ರಿ ಓದಿದ ಅಣ್ಣ ಒಬ್ಬರಿದ್ರು. ಅವರ ನೋಟ್ಸ್ ಜೆರಾಕ್ಸ್ ಮಾಡಿಸ್ಕೊಂಡೆ. ಚೆಂದ ಅಕ್ಷರ, ಮುಖ್ಯ ಪ್ರಶ್ನೆಗಳಿಗೆ ಕೆಂಪು ಗೆರೆ ಬೇರೆ. ರಾತ್ರಿ ಕೂತು ಬಾಯಿಪಾಠ ಮಾಡಿದೆ. ಪರೀಕ್ಷೆ ದಿನ ಪ್ರಶ್ನೆಪತ್ರಿಕೆ ನೋಡಿದ್ರೆ ಅರ್ಧಕ್ಕರ್ಧ ನಾನು ಕೇಳದೇ ಇರೋ ವಿಷಯ. ಒಂದು ಪೇಪರ್ ಹೋಯ್ತು. ಮತ್ತೆ ಪರೀಕ್ಷಾ ಶುಲ್ಕ ಕಟ್ಟಬೇಕು ಅಂತ ಮನೇಲಿ ಹೇಳಬೇಕಾಯ್ತು.

ನಮ್ಮಮ್ಮ ಜೀನ್ಸ್ ಹೊಲಿಯೋ ಯೂನಿಟ್‌ನಲ್ಲಿ ಕೆಲಸ ಮಾಡ್ತಾರೆ. ಬಳ್ಳಾರಿ ಜೀನ್ಸ್ ಗೊತ್ತಲ್ಲ, ಅದೇ. ಅವರು ಬೈಯಲಿಲ್ಲ. "ಯಾವ ಅಳತೆ, ಎಷ್ಟು ಪೀಸು ಅಂತ ಆರ್ಡರ್ ಚೀಟಿ ನೋಡದೇ ಯಾರಾದ್ರೂ ಬಟ್ಟೆ ಕತ್ತರಿಸ್ತಾರೇನೋ? ನಿಂಗೆ ಅಂಥ ಚೀಟಿ ಕೊಟ್ಟಿಲ್ವಾ?" ಅಂತ ಕೇಳಿದ್ರು, ಅಷ್ಟೇ. ಚೀಟಿ ಇತ್ತು. ನಾನು ತೆಗೆದು ನೋಡಿರಲಿಲ್ಲ.

ಆಗಿದ್ದೇನು ಅಂದ್ರೆ, ಅಣ್ಣನ ನೋಟ್ಸ್ ತಪ್ಪಿರಲಿಲ್ಲ. ಅದು ಅವರ ಸಿಲಬಸ್‌ಗೆ ಸರಿಯಾಗೇ ಇತ್ತು. ಕರ್ನಾಟಕದಲ್ಲಿ 2021-22ರಿಂದ ಎನ್‌ಇಪಿ ಬಂತು, ಪದವಿಯ ಪಠ್ಯಕ್ರಮ ಪೂರ್ತಿ ಬದಲಾಯ್ತು. ಮತ್ತೆ 2024-25ರಲ್ಲಿ ಸೇರಿದವರಿಗೆ ರಾಜ್ಯ ಶಿಕ್ಷಣ ನೀತಿ, ಅಂದ್ರೆ ಎಸ್‌ಇಪಿ ಪ್ರಕಾರ ಮೂರು ವರ್ಷದ ಡಿಗ್ರಿ ವಾಪಸ್ ಬಂತು. ಒಂದೇ ಕಾಲೇಜಿನ ಒಂದೇ ಕಾರಿಡಾರ್‌ನಲ್ಲಿ ಸೀನಿಯರ್‌ಗೆ ಒಂದು ಸಿಲಬಸ್, ಜೂನಿಯರ್‌ಗೆ ಇನ್ನೊಂದು. ಇಂಜಿನಿಯರಿಂಗ್ ಕಡೆನೂ ಹಾಗೇ. ವಿಟಿಯುನಲ್ಲಿ 2018ರ ಸ್ಕೀಮ್, 2021ರ ಸ್ಕೀಮ್, 2022ರ ಸ್ಕೀಮ್ ಅಂತ ಇವೆ.

ಹಾಗಾಗಿ ಮೊದಲ ಕೆಲಸ: ನಿಮ್ಮ ಸಿಲಬಸ್ ನಿಮ್ಮದೇನಾ ಅಂತ ನೋಡಿ. ಮೊಬೈಲ್‌ನಲ್ಲಿ "ಬಿ.ಕಾಂ. ಫಸ್ಟ್ ಸೆಮ್ ಸಿಲಬಸ್" ಅಂತ ಹುಡುಕಿದ್ರೆ ಬೆಂಗಳೂರಿನದ್ದೋ ಧಾರವಾಡದ್ದೋ ಬರಬಹುದು. ನಮ್ಮ ಭಾಗದ ಕಾಲೇಜುಗಳು ಮೊದಲು ಗುಲ್ಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ವು. 2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾಯ್ತು. ಪ್ರತಿ ವಿಶ್ವವಿದ್ಯಾಲಯಕ್ಕೂ ವಿಷಯವಾರು ಅಧ್ಯಯನ ಮಂಡಳಿ ಇರುತ್ತೆ. ಸಿಲಬಸ್ ತಯಾರಿಸೋದು ಅದೇ. ಕಾಲೇಜು ಸ್ವಾಯತ್ತ ಆಗಿದ್ರೆ ಕಾಲೇಜೇ ತನ್ನದನ್ನ ಮಾಡಿಕೊಳ್ಳುತ್ತೆ. ಆದ್ದರಿಂದ ಮೂರು ವಿಷಯ ಹೊಂದಬೇಕು: ವಿಶ್ವವಿದ್ಯಾಲಯದ ಹೆಸರು, ಯಾವ ವರ್ಷದ ಪ್ರವೇಶಕ್ಕೆ ಅನ್ವಯ ಅನ್ನೋದು, ಮತ್ತು ವಿಷಯದ ಕೋಡ್. ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಅರ್ಜಿ ಹಾಕುವಾಗಲೂ ಇದೇ ಹೆಸರು, ಇದೇ ಕೋಡ್ ಇದೆಯಾ ಅಂತ ನೋಡಿಕೊಳ್ಳಿ.

ಈಗ ಒಳಗೆ ಏನಿದೆ ನೋಡೋಣ. ಮೊದಲು ಕ್ರೆಡಿಟ್. ಥಿಯರಿಗೆ ವಾರಕ್ಕೆ ಒಂದು ಗಂಟೆ ಪಾಠ ಅಂದ್ರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್‌ಗಾದ್ರೆ ಎರಡು ಗಂಟೆಗೆ ಒಂದು. ಮೂರು ಕ್ರೆಡಿಟ್ ವಿಷಯ ಅಂದ್ರೆ ಸೆಮಿಸ್ಟರ್‌ಗೆ ಹೆಚ್ಚುಕಮ್ಮಿ 40ರಿಂದ 45 ಗಂಟೆ ಪಾಠ. ಪ್ರತಿ ಯೂನಿಟ್ ಪಕ್ಕದಲ್ಲಿ ಎಷ್ಟು ಗಂಟೆ ಅಂತ ಬರೆದಿರುತ್ತೆ. ಒಂದಕ್ಕೆ 6 ಗಂಟೆ, ಇನ್ನೊಂದಕ್ಕೆ 12 ಗಂಟೆ ಇದ್ರೆ ಎರಡನೆಯದ್ದು ದೊಡ್ಡದು, ನಿಮ್ಮ ಓದಿನಲ್ಲೂ ಅದಕ್ಕೆ ಜಾಸ್ತಿ ದಿನ ಬೇಕು.

ಎರಡನೆಯದು ಅಂಕಗಳ ಲೆಕ್ಕ. ನಮ್ಮ ಎನ್‌ಇಪಿ ಬ್ಯಾಚಿಗೆ 100ರಲ್ಲಿ 60 ಪರೀಕ್ಷೆಗೆ, 40 ಇಂಟರ್ನಲ್‌ಗೆ ಇತ್ತು. ಎಸ್‌ಇಪಿಯಲ್ಲಿ ಹಲವು ಕಡೆ 80 ಮತ್ತು 20 ಆಗಿದೆ. ಇಂಟರ್ನಲ್‌ಗೆ 40 ಇದ್ದಾಗ ಅಸೈನ್‌ಮೆಂಟ್, ಟೆಸ್ಟು, ಸೆಮಿನಾರ್ ಬಿಟ್ರೆ ದೊಡ್ಡ ನಷ್ಟ. 20 ಇದ್ದಾಗ ಕೊನೆಯ ಪರೀಕ್ಷೆಯೇ ಭಾರ. ವಿಟಿಯು 2022ರ ಸ್ಕೀಮ್‌ನಲ್ಲಿ ಎರಡಕ್ಕೂ 50-50. ಅಲ್ಲಿ ಇಂಟರ್ನಲ್‌ನಲ್ಲಿ 50ಕ್ಕೆ 20 ಬರಲೇಬೇಕು. ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪ್ರಶ್ನೆ, ಒಂದನ್ನ ಬರೀಬೇಕು, ತಲಾ 20 ಅಂಕ. ಅಂದ್ರೆ "ಒಂದು ಮಾಡ್ಯೂಲ್ ಬಿಟ್ಬಿಡ್ತೀನಿ ಮಗಾ" ಅಂದ್ರೆ 100ರಲ್ಲಿ 20 ಆಗಲೇ ಕೈಬಿಟ್ಟ ಹಾಗೆ. ಇದೆಲ್ಲ ಗುಟ್ಟಲ್ಲ, ಸಿಲಬಸ್‌ನಲ್ಲೇ ಅಚ್ಚಾಗಿದೆ.

ಮೂರನೆಯದು ಎಲ್ಲರೂ ಸರ್‌ರ್ ಅಂತ ದಾಟಿಸೋ ಭಾಗ: ಕೋರ್ಸ್ ಔಟ್‌ಕಮ್ಸ್, ಕಲಿಕೆಯ ಫಲಿತಗಳು. ಅಲ್ಲಿರೋ ಕ್ರಿಯಾಪದಗಳನ್ನ ನೋಡಿ. ಪಟ್ಟಿ ಮಾಡು, ವಿವರಿಸು, ಅನ್ವಯಿಸು, ವಿಶ್ಲೇಷಿಸು. ಇದರ ಬೇರು 1956ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು ಮಾಡಿದ ವಿಂಗಡಣೆಯಲ್ಲಿದೆ. 2001ರಲ್ಲಿ ಅದನ್ನ ಪರಿಷ್ಕರಿಸಿದ್ರು: ನೆನಪಿಡೋದು, ಅರ್ಥ ಮಾಡ್ಕೊಳ್ಳೋದು, ಅನ್ವಯಿಸೋದು, ವಿಶ್ಲೇಷಿಸೋದು, ಮೌಲ್ಯಮಾಪನ, ಸೃಷ್ಟಿ. "ಅನ್ವಯಿಸು" ಅಂತ ಇದ್ರೆ ವ್ಯಾಖ್ಯೆ ಬಾಯಿಪಾಠ ಸಾಲದು, ಲೆಕ್ಕ ಬಿಡಿಸಿ ಅಭ್ಯಾಸ ಮಾಡ್ಬೇಕು. ನಾನು ಅಕೌಂಟ್ಸ್ ಬಾಯಿಪಾಠ ಮಾಡಿದ ಮಹಾನುಭಾವ, ಅದಕ್ಕೇ ಹೇಳ್ತಿದ್ದೀನಿ.

ಸರಿ, ಬಳಸೋದು ಹೇಗೆ? ನಾನು ಎರಡನೇ ಸಲ ಮಾಡಿದ್ದು ಹೇಳ್ತೀನಿ. ಪ್ರತಿ ವಿಷಯದ ಸಿಲಬಸ್ ಪುಟ ಪ್ರಿಂಟ್ ತೆಗೆಸಿ ನೋಟ್‌ಬುಕ್‌ನ ಮೊದಲ ಹಾಳೆಗೆ ಅಂಟಿಸಿದೆ. ಪಿಯುಸಿವರೆಗೂ ನಾನು ಕನ್ನಡ ಮಾಧ್ಯಮ. ಹಾಗಾಗಿ ಪ್ರತಿ ಇಂಗ್ಲಿಷ್ ಪದದ ಪಕ್ಕ ಕನ್ನಡದಲ್ಲಿ ಅರ್ಥ ಬರ್ಕೊಂಡೆ. ಗೊತ್ತಿಲ್ಲದ್ದನ್ನ ಮೇಡಂ ಹತ್ರ ಕೇಳಿದೆ. ಕ್ಲಾಸಲ್ಲಿ ಆಗಿದ್ದಕ್ಕೆ ಒಂದು ಟಿಕ್, ನಾನೇ ಓದಿ ಮುಗಿಸಿದ್ದಕ್ಕೆ ಇನ್ನೊಂದು ಟಿಕ್. ಅದೇ ಸಿಲಬಸ್‌ನ ಹಳೇ ಪ್ರಶ್ನೆಪತ್ರಿಕೆ ತಗೊಂಡು ಪ್ರತಿ ಪ್ರಶ್ನೆ ಮುಂದೆ ಯೂನಿಟ್ ನಂಬರ್ ಹಾಕಿದೆ. ಆಗ ಯಾವ ಯೂನಿಟ್‌ನಿಂದ ಎಂಥ ಪ್ರಶ್ನೆ ಬರುತ್ತೆ ಅನ್ನೋದು ಕಣ್ಣಿಗೆ ಕಾಣುತ್ತೆ.

ಇನ್ನೊಂದು ಉಪಯೋಗ ಇದೆ. ಪರೀಕ್ಷೆಗೆ ತಿಂಗಳು ಉಳಿದಿದೆ, ಎರಡು ಯೂನಿಟ್‌ಗೆ ಒಂದೂ ಟಿಕ್ ಇಲ್ಲ ಅಂತಿಟ್ಕೊಳ್ಳಿ. "ಸರ್, ಏನೂ ಮುಗಿದಿಲ್ಲ" ಅಂದ್ರೆ ಅದು ದೂರು. "ಸರ್, ನಾಲ್ಕನೇ ಯೂನಿಟ್‌ಗೆ 10 ಗಂಟೆ ಇದೆ, ಯಾವಾಗ ಶುರು ಮಾಡ್ತೀರಿ?" ಅಂದ್ರೆ ಅದು ಪ್ರಶ್ನೆ. ಪ್ರಶ್ನೆಗೆ ಉತ್ತರ ಸಿಗುತ್ತೆ.

ಹಾಗಂತ ಸಿಲಬಸ್‌ನಾಚೆ ಓದಬೇಡಿ ಅಂತಲ್ಲ. ಕೊನೆಯಲ್ಲಿ ಪುಸ್ತಕಗಳ ಪಟ್ಟಿ ಇರುತ್ತೆ. ಅದರಲ್ಲಿ ಒಂದನ್ನಾದ್ರೂ ಕಾಲೇಜ್ ಲೈಬ್ರರಿಯಲ್ಲಿ ಕೇಳಿ. ಗೈಡ್‌ನಲ್ಲಿ ನಾಲ್ಕು ಸಾಲಲ್ಲಿ ಮುಗಿಸಿದ್ದು ಅಲ್ಲಿ ಬಿಡಿಸಿ ಹೇಳಿರುತ್ತೆ.

ನಾನು ಆ ಪೇಪರ್ ಮುಂದಿನ ಸಲ ಪಾಸಾದೆ. ಈಗ ನನ್ನ ತಂಗಿ ಎಸ್‌ಇಪಿ ಬ್ಯಾಚು. ಮೊನ್ನೆ "ಅಣ್ಣ, ನಿನ್ ನೋಟ್ಸ್ ಕೊಡ್ತೀಯಾ?" ಅಂದ್ಳು. ನಾನು ಬಾಯಿ ತೆರೆಯೋ ಮುಂಚೆ ಅಡುಗೆಮನೆಯಿಂದ ಅಮ್ಮ ಕೂಗಿದ್ರು: "ಮೊದ್ಲು ನಿನ್ ಚೀಟಿ ತಗೊಂಬಾರೇ!"

ನಿಮ್ಮ ಚೀಟಿ ಎಲ್ಲಿದೆ? ಇವತ್ತೇ ಹುಡುಕಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.